ನನ್ನ ಅಳತೆಯ ಪಿಕಪ್

ಕಾರನ್ನು ಕತ್ತರಿಸಿ ಪಿಕಪ್ ಮಾಡಿಸಿದ ಉಡಿಗಾಲ ಊರಿನ ಮೊದಲ ಸೊಸೆ ನಾನು! ಓಣಂ ಹತ್ತಿರ ಬಂದಿತ್ತು. ಹೊಲದಲ್ಲಿ ಹೊನ್ನು ಸುರಿದಂತೆ ಚೆಂಡುಹೂ ಅರಳಿತ್ತು. ಬೆಳಿಗ್ಗೆ ಒಂಬತ್ತರೊಳಗೆ ಗುಂಡ್ಲುಪೇಟೆ ಮುಟ್ಟದಿದ್ದರೆ ಕೇರಳದ ಲಾರಿ ಹೊರಟುಬಿಡುತ್ತದೆ. ಬಾಡಿದ ಹೂವನ್ನು ಕೇಳುವವರಿಲ್ಲ. ಬಾಡಿಗೆ ಆಟೋದವನೋ, ದಿನವೂ ಕೈಕೊಡುತ್ತಿದ್ದ.

"ನಮ್ ಹಳೇ ಕಾರಿನ ಹಿಂಭಾಗ ಕತ್ತರಿಸೋಣ ಕಣ್ರೀ."

"ತಲೆ ಕೆಟ್ಟದಾ ನಿಂಗೆ?" ಎಂದರು ನನ್ನ ಗಂಡ ಮಹದೇವಪ್ರಸಾದ್.

"ನಂಗೆ ಬುಟ್ಬುಡಿ, ಆಮೇಲೆ ನೋಡಿ!"

ಚಾಮರಾಜನಗರದ ಟಿಂಕರಿಂಗ್ ಶೆಡ್ಡಿನಲ್ಲಿ ನೂರುಲ್ಲಾ ಸಾಬರು, "ಡ್ರೈವರ್ ಸೀಟಲ್ಲಿ ಒಂದ್ಸಲ ಕೂತ್ಕೊಳಮ್ಮ. ಹಿಂದಿನ ತಗಡು ಎಲ್ಲಿಗೆ ಬರ್ಬೇಕು ನೋಡನ," ಅಂದರು.

ರವಿಕೆಗೆ ಅಳತೆ ಕೊಡುವ ಠೀವಿಯಲ್ಲಿ ಕೂತು, "ಇಲ್ಲಿಗೇ ಹೊಡೀರಿ. ಹೂವಿಗೆ ಜಾಗ ಜಾಸ್ತಿ ಸಿಗ್ಲಿ," ಎಂದೆ.

ಎಂಥ ಪಿಕಪ್ ಬಂತು! ಮುಂದಿನಿಂದ ಮದುಮಗ, ಹಿಂದಿನಿಂದ ಎತ್ತಿನಗಾಡಿ! ಆದರೆ ಡ್ರೈವಿಂಗ್ ಬಾರದ ನಾನು ಐದಡಿ. ಓಡಿಸಬೇಕಾದ ನನ್ನವರು ಆರಡಿ. ಕೂತರೆ ಮೊಣಕಾಲು ಸ್ಟಿಯರಿಂಗಿಗೆ ಸಿಕ್ಕಿಕೊಂಡಿತು.

"ಇದು ಗಾಡಿನೋ, ನಿನ್ ರವಿಕೆನೋ?"

ಹೂ ಕೊಯ್ದಾಗಿತ್ತು. ಕುಳ್ಳಗಿದ್ದ ಮಾವ ಚಿಕ್ಕಯ್ಯನವರೇ ಸ್ಟಿಯರಿಂಗ್ ಹಿಡಿದರು. ಪಕ್ಕದ ಸೀಟು ನನ್ನದು, ಬಿಡುವ ಮಾತೇ ಇಲ್ಲ! ಹೂ ನಲುಗಬಾರದೆಂದು ಮೂಟೆ ಕಟ್ಟದೆ ಹಾಗೇ ಸುರಿಸಿ, ಮೇಲೆ ಒದ್ದೆ ಬಿಳಿ ಪಂಚೆ ಹೊದಿಸಿದೆ. ಇಳಿಸಲು ಗಂಡನೂ ಬರಬೇಕಲ್ಲ?

"ಹಿಂದ್ಗಡೆ ಕುಂತ್ರೆ ಪೊಲೀಸ್ನೋರು ಇಡ್ಕತಾರೆ ಕಣ್ಲಾ. ಪಂಚೆ ಒದ್ಕಂಡು ಮನೀಕೊ!" ಎಂದರು ಮಾವ.

ಹೂವಿನ ನಡುವೆ ಜಾಗ ಮಾಡಿಕೊಂಡು, ಮುಖ ಮಾತ್ರ ಹೊರಗಿಟ್ಟು ಮಲಗಿದವರಿಗೆ ತಂಪಿಗೆ ನಿದ್ದೆಯೂ ಬಂತು.

ಮಾವನ ಡ್ರೈವಿಂಗ್ ನಡಿಗೆಗಿಂತ ನಿಧಾನ. ಲಾರಿ ತಪ್ಪಿತೆಂದೇ ಅಂದುಕೊಂಡೆ. ಆದರೆ ತೆರಕಣಾಂಬಿಯಲ್ಲಿ ಬಸ್ಸೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು! ಟೀ ಕುಡಿಯುತ್ತಿದ್ದವರು ಎದ್ದು ನಿಂತು ಕೈಮುಗಿದರು!

"ನೋಡಿ ಮಾವ, ನಮ್ ಪಿಕಪ್‌ಗೆ ಏನ್ ಮರ್ಯಾದೆ!" ಎಂದು ನಾನೂ ಕೈಮುಗಿದೆ.

ದಾರಿಯುದ್ದಕ್ಕೂ ಎಲ್ಲರೂ ಹೀಗೇ ಜಾಗ ಬಿಟ್ಟಿದ್ದಕ್ಕೆ ಗುಂಡ್ಲುಪೇಟೆಯನ್ನು ಸಮಯಕ್ಕೆ ಸರಿಯಾಗಿ ಮುಟ್ಟಿದೆವು. ಹೂವಿನ ವ್ಯಾಪಾರಿ ಪುಟ್ಟಮಾದು ತಲೆಯ ಟವೆಲ್ ತೆಗೆದು, ಹಿಂದೆ ಇಣುಕಿ, "ಅಯ್ಯೋ, ಸಣ್ ವಯಸ್ಸು ಕಣವ್ವಾ!" ಎಂದು ಕಣ್ಣೊರೆಸಿಕೊಂಡ.

ನನ್ನವರು ಎದ್ದು ಕೂತು, "ಬೇಗ ತೂಕ ಹಾಕಣ್ಣ," ಎಂದರು.

ಪುಟ್ಟಮಾದು ಹಾರಿದ ರಭಸಕ್ಕೆ ತಕ್ಕಡಿ ಉರುಳಿತು! "ಹೆಣದ್ ಹೂವ ನಂಗ್ ಮಾರಕ್ ಬಂದಿದ್ದೀರಾ?"

"ಹೆಣ ಎಲ್ಲದೆ? ನಿಮ್ ಜೊತೆ ಮಾತಾಡ್ತಾ ಕೂತವ್ರಲ್ಲ!"

ಅವನು ನನ್ನ ಗಂಡನನ್ನು ಒಮ್ಮೆ ಚಿವುಟಿ ನೋಡಿಯೇ ತೂಗಿದ. ಹೂ ಲಾರಿ ಏರಿತು. ಗೆದ್ದೆ! ಸೆರಗು ಸರಿಮಾಡಿಕೊಂಡು, "ಹೆಂಗದೆ ಅಣ್ಣ, ನನ್ ಗಾಡಿ?" ಎಂದೆ.

ಪುಟ್ಟಮಾದು ಒಂದು ಸುತ್ತು ಬಂದು, ಭಕ್ತಿಯಿಂದ ತಗಡು ಸವರಿದ.

"ಫಸ್ಟ್ ಕ್ಲಾಸಾಗದೆ ಕಣವ್ವಾ. ಫೋನ್ ನಂಬರ್ ಕೊಟ್ಟಿರು. ನಮ್ಮಜ್ಜಿ ಇವತ್ತೋ ನಾಳೆನೋ ಅನ್ನಂಗವ್ಳೆ."