ಹಗುರಾದ ಗುಮಾಸ್ತ, ಭಾರದ ಲೆನ್ಸು

ಬಾಗಿಲು ಬಡಿದ ಸದ್ದಿಗೆ ಪಾರ್ಸೆಲ್ ಗುಮಾಸ್ತ ಗಡಬಡಿಸಿ ಎದ್ದು ಕುಳಿತ. ಹೊರಗೆ ಇನ್ನೂ ಕತ್ತಲೆ. ಚಿಲಕ ತೆಗೆದರೆ, ಹೊಸ್ತಿಲಾಚೆ ಅವನ ಕಚೇರಿಯ ಮೇಲ್ವಿಚಾರಕರು ನಿಂತಿದ್ದರು. ಕೈಯಲ್ಲಿ ಹತ್ತು ಕಿಲೋದ ಕಬ್ಬಿಣದ ತೂಕದ ಬಟ್ಟು.

“ಅಂಗಿ ಹಾಕ್ಕೊಂಡು ಬನ್ನಿ” ಎಂದರು.

“ಸರ್, ಏನಾಯ್ತು?”

“ಬನ್ನಿ ಅಂದೆ.”

ಗುಮಾಸ್ತ ಹೊರಟ. ಅವನ ಹೆಂಡತಿಯೂ ಹಿಂದೆಯೇ ಹೊರಟಳು. ಮೂರು ತಿಂಗಳಿಂದ ಅವಳು ಗಂಡನನ್ನು ನಂಬುವುದನ್ನು ಬಿಟ್ಟಿದ್ದಳು. ಬಿಸ್ಕತ್ತಿನ ಡಬ್ಬಿಗೆ ಬೀಗ ಜಡಿದಿದ್ದಳು. ಕಾರಣ, ಒಂದು ಒಪ್ಪಂದ. ಹನ್ನೆರಡು ಕಿಲೋ ಇಳಿಸಿದರೆ ಅವನಿಗೆ ಹಕ್ಕಿಗಳ ಚಿತ್ರ ತೆಗೆಯಲು ಉದ್ದನೆಯ ಟೆಲಿಫೋಟೋ ಲೆನ್ಸು. ಇಳಿಸದಿದ್ದರೆ ಆ ಮಾತನ್ನು ಜನ್ಮದಲ್ಲಿ ಎತ್ತುವಂತಿಲ್ಲ. ತೂಕ ನೋಡುವುದು ಕಚೇರಿಯ ಪಾರ್ಸೆಲ್ ತಕ್ಕಡಿಯಲ್ಲಿ. ಗಡುವು ಇವತ್ತೇ, ಶುಕ್ರವಾರ. ಪ್ರತಿ ಶುಕ್ರವಾರದ ತೂಕವನ್ನು ಅವನು ತಕ್ಕಡಿಯ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ: ತೊಂಬತ್ತಾರರಿಂದ ಆರಂಭವಾಗಿ ಕಳೆದ ಶುಕ್ರವಾರಕ್ಕೆ ಎಂಬತ್ತೆರಡು.

ಕಚೇರಿಯಲ್ಲಿ ದೀಪ ಉರಿಯುತ್ತಿತ್ತು. ಬೀಗದ ಕೈ ಇಟ್ಟುಕೊಳ್ಳುವ ಜವಾನನೂ, ಪಾರ್ಸೆಲ್‌ಗಳಿಗೆ ಬಟ್ಟೆ ಹೊಲಿಯುವ ಹೊಲಿಗೆಯಕ್ಕನೂ ಸಾಕ್ಷಿಗಳಂತೆ ನಿಂತಿದ್ದರು. ಮೇಲ್ವಿಚಾರಕರು ಬಟ್ಟನ್ನು ತಕ್ಕಡಿಯ ಮೇಲಿಟ್ಟು, ಕೋಲಿನ ಮೇಲೆ ಜಾರುವ ತೂಕದ ಗುಂಡನ್ನು ಸರಿಸಿದರು. ಕೋಲು ಎಂಟೂ ಮುಕ್ಕಾಲಿನಲ್ಲಿ ಸಮವಾಗಿ ನಿಂತಿತು.

“ಹತ್ತು ಕಿಲೋ ಎಂಟೂ ಮುಕ್ಕಾಲು ಹೇಗಾಯ್ತು? ಮೇಲಿನ ಕಚೇರಿಯಿಂದ ರಾತ್ರಿ ಫೋನ್ ಬಂತು. ಇಲ್ಲಿಂದ ಹೋಗೋ ಪಾರ್ಸೆಲ್‌ಗಳೆಲ್ಲ ಆಚೆ ತುದಿ ಮುಟ್ಟೋ ಹೊತ್ತಿಗೆ ದಪ್ಪ ಆಗ್ತಿವೆಯಂತೆ!”

ಅವರು ಗುಂಡನ್ನು ಮಗುಚಿದರು. ಅದರ ತಳದಲ್ಲಿ ಪಾರ್ಸೆಲ್‌ಗೆ ಮುದ್ರೆ ಒತ್ತುವ ಕೆಂಪು ಅರಗು. ಪದರದ ಮೇಲೆ ಪದರ, ಒಟ್ಟು ಹದಿಮೂರು. ಅತ್ತ ಗುಂಡು ಭಾರವಾದಷ್ಟೂ ಇತ್ತ ತಕ್ಕಡಿಯ ಮೇಲೆ ನಿಂತವನು ಹಗುರ.

“ಹದಿಮೂರು ಪದರ” ಎಂದ ಜವಾನ, ಗೋಡೆಯತ್ತ ನೋಡುತ್ತ. “ಹದಿಮೂರು ಶುಕ್ರವಾರ.”

“ನಾನಲ್ಲ!” ಎಂದು ಗುಮಾಸ್ತ ಕೂಗಿದ. ಎಲ್ಲರ ಕಣ್ಣೂ ಅವನ ಹೊಟ್ಟೆಯ ಮೇಲೇ ನೆಟ್ಟಿತ್ತು.

ಹೆಂಡತಿ ಅರಗನ್ನು ಕೆರೆದು ತೆಗೆದಳು. “ಹತ್ತಿ” ಎಂದಳು.

ಅವನು ಹತ್ತಿದ. ತೊಂಬತ್ನಾಲ್ಕು.

“ಮೂರು ತಿಂಗಳು ಬೇಯಿಸಿದ ಕೋಸು ತಿಂದು ಎರಡು ಕಿಲೋ!” ಹೆಂಡತಿ ತಲೆ ಚಚ್ಚಿಕೊಂಡಳು. “ಎರಡು ಕಿಲೋಗೆ ಲೆನ್ಸಿನ ಮುಚ್ಚಳ ಬರುತ್ತೆ, ತಗೊಳ್ಳಿ.”

“ನನಗೂ ಮೋಸ ಆಗಿದೆ ಕಣೇ! ತೂಕ ಇಳೀತಿದೆ ಅಂತ ನಂಬಿಯೇ ನಾನು ನಡೆಯೋದು ಬಿಟ್ಟೆ.”

ಮೇಲ್ವಿಚಾರಕರು ಮೇಜಿನ ಮುಂದೆ ಕುಳಿತು, ಇಡೀ ಕಚೇರಿಯಲ್ಲಿ ತಮಗೊಬ್ಬರಿಗೇ ಹಕ್ಕಿದ್ದ ಹಸಿರು ಶಾಯಿಯಲ್ಲಿ ಒಂದು ಪತ್ರ ಬರೆದು ಅವನ ಕೈಗಿತ್ತರು. ‘ಇವರಿಗೆ: ಮೇಲ್ವಿಚಾರಕರು. ತನಿಖೆಯಿಂದ ತಿಳಿದುಬಂದ ಅಪರಾಧಿ:’ ಅಲ್ಲಿಂದಾಚೆ ಖಾಲಿ.

“ನಾಲ್ಕು ಗಂಟೆಯೊಳಗೆ ಹೆಸರು ತುಂಬಿ. ಇಲ್ಲದಿದ್ದರೆ ನಿಮ್ಮದೇ ಹೆಸರು ಬರೆದು ಕೆಲಸ ಬಿಡಿ. ನಾಲ್ಕೂವರೆಗೆ ನಮ್ಮ ಮನೆಯವರು ಬರ್ತಾರೆ, ಅಷ್ಟರಲ್ಲಿ ಈ ಗಲಾಟೆ ಮುಗಿದಿರಬೇಕು.”

ಗುಮಾಸ್ತನಿಗೆ ಲೋಕವೇ ಕಳ್ಳರ ಸಂತೆಯಂತೆ ಕಾಣತೊಡಗಿತು. ಬೀಗದ ಕೈ ಜವಾನನ ಸೊಂಟದಲ್ಲಿದೆಯಲ್ಲ? ಅರಗಿನ ಡಬ್ಬಿ ಹೊಲಿಗೆಯಕ್ಕನ ಬಳಿಯಿದೆಯಲ್ಲ?

“ಅಕ್ಕಾ, ಊಟದ ಹೊತ್ತಲ್ಲಿ ಇಲ್ಲಿ ಯಾರಿರ್ತಾರೆ?”

“ನನ್ನ ಕೇಳ್ತೀಯಾ? ಸಾಹೇಬ್ರ ಅಂಗಿ ಗುಂಡಿ ಕಿತ್ತು ಹೋಗೋದನ್ನ ಹೊಲಿಯೋಕೇ ನನಗೆ ಪುರುಸೊತ್ತಿಲ್ಲ, ಈ ವಾರ ಮೂರನೇ ಸಲ! ಆ ಜವಾನನ್ನ ಕೇಳು.”

“ಏನಂದೆ?” ಎಂದು ಜವಾನ ಬೀಗದ ಕೈಗಳ ಗೊಂಚಲನ್ನು ಝಣಝಣಿಸಿದ. “ಅರಗು ನಿನ್ನ ಡಬ್ಬೀದು ತಾನೇ?”

ಅವರನ್ನು ಜಗಳಕ್ಕೆ ಬಿಟ್ಟು ಗುಮಾಸ್ತ, ಎದುರಿನ ಕ್ಯಾಮೆರಾ ಅಂಗಡಿ ಬಾಗಿಲು ತೆರೆಯುತ್ತಲೇ ಅಲ್ಲಿಗೆ ಓಡಿದ. ವಾರಕ್ಕೊಮ್ಮೆ ಬರುವ ಕಳ್ಳ ಇವತ್ತೂ ಬಂದೇ ಬರುತ್ತಾನೆ. ಅಂಗಡಿಯ ಮಹಡಿಯ ಕಿಟಕಿಯಿಂದ ತಕ್ಕಡಿ ನೇರವಾಗಿ ಕಾಣುತ್ತದೆ. ಲೆನ್ಸೊಂದು ಸಿಕ್ಕರೆ ಸಾಕು.

“ಒಂದು ಗಂಟೆ ಪರೀಕ್ಷೆಗೆ ಕೊಡ್ತೀರಾ?”

“ನಿಮಗಿಲ್ಲ ಅಂತೀನಾ? ಮೂರು ತಿಂಗಳಿಂದ ಗಾಜಿನಾಚೆ ನಿಂತು ನೋಡಿ ನೋಡಿ ನೀವೇ ಅದನ್ನ ಒರೆಸಿ ಸ್ವಚ್ಛ ಮಾಡಿದ್ದೀರಿ” ಎಂದು ಅಂಗಡಿಯವನು ಎರಡು ಲೆನ್ಸು ಮುಂದಿಟ್ಟ. “ಇದು ಹಗುರ, ನಾನೂರು ಮಿಲಿಮೀಟರಿನದ್ದು. ಕೋಣೆಯೆಲ್ಲ ಕಾಣುತ್ತೆ. ಇದು ಆರುನೂರರದ್ದು, ಭಾರ. ಮಿಂಚುಳ್ಳಿಯ ರೆಪ್ಪೆ ಎಣಿಸಬಹುದು. ನಿಮ್ಮ ಕೆಲಸಕ್ಕೆ ಹಗುರದ್ದು ಸಾಕು.”

ಹೆಂಡತಿ ಹಿಂದಿನಿಂದ ಇಣುಕಿದಳು. “ಹಗುರದ್ದನ್ನೇ ತಗೊಳ್ಳಿ. ಇಳಿಸಿದ ಎರಡು ಕಿಲೋನ ಕೊರಳಿಗೆ ಕಟ್ಕೊಳ್ಳೋದು ಯಾಕೆ?”

ಆದರೆ ಆರುನೂರರದ್ದನ್ನು ಕೈಯಲ್ಲಿ ಹಿಡಿಯುವ ಅವಕಾಶ ಇನ್ನೆಂದು ಸಿಕ್ಕೀತು? ಅವನು ಭಾರದ್ದನ್ನೇ ಎತ್ತಿಕೊಂಡ.

ಮಧ್ಯಾಹ್ನ ಒಂದಕ್ಕೆ, ಊಟದ ಹೊತ್ತಿಗೆ, ಕಚೇರಿ ಬರಿದಾಯಿತು. ಮಹಡಿಯ ಕಿಟಕಿಯ ಹಿಂದೆ ಗುಮಾಸ್ತ ತನ್ನ ಕ್ಯಾಮೆರಾಕ್ಕೆ ಲೆನ್ಸು ಜೋಡಿಸಿ ಕಾದು ಕುಳಿತಿದ್ದ. ಹತ್ತು ನಿಮಿಷ. ಇಪ್ಪತ್ತು. ಥಟ್ಟನೆ ಲೆನ್ಸಿನ ತುಂಬ ಒಂದು ಕೈ ಬಂದು, ಮೆದುವಾದ ಅರಗಿನ ಉಂಡೆಯನ್ನು ಗುಂಡಿನ ತಳಕ್ಕೆ ಒತ್ತಿತು. ಈ ಸಲ ನೆಲ್ಲಿಕಾಯಿಯಷ್ಟು ದೊಡ್ಡ ಉಂಡೆ. ಅವನು ಕ್ಲಿಕ್ಕಿಸಿದ. ಮುಖಕ್ಕಾಗಿ ಲೆನ್ಸನ್ನು ಮೇಲೆತ್ತುವಷ್ಟರಲ್ಲಿ ಸಿಕ್ಕಿದ್ದು ಬರೀ ಗೋಡೆ.

ನಾಲ್ಕಕ್ಕೆ ಎಲ್ಲರೂ ಸೇರಿದರು. “ಸಿಕ್ಕಿದನಾ?” ಎಂದು ಮೇಲ್ವಿಚಾರಕರು ಕೈ ಕಟ್ಟಿಕೊಂಡು ಕೇಳಿದರು.

ಗುಮಾಸ್ತ ಕ್ಯಾಮೆರಾದ ಪರದೆ ತೋರಿಸಿದ. ಎರಡು ಬೆರಳು, ಒಂದು ಅರಗಿನ ಉಂಡೆ. ಬೇರೇನಿಲ್ಲ.

“ಮುಖ ಎಲ್ರೀ?” ಎಂದ ಜವಾನ.

“ಲೆನ್ಸು ಸ್ವಲ್ಪ ಜಾಸ್ತಿ ಹತ್ತಿರಕ್ಕೆ ತಂದುಬಿಡ್ತು.”

“ಹಗುರದ್ದು ತಗೊಳ್ಳಿ ಅಂತ ಬಾಯಿ ಬಡ್ಕೊಂಡೆ!” ಎಂದಳು ಹೆಂಡತಿ.

“ಹಾಗಾದರೆ ನಿಮ್ಮ ಹೆಸರೇ ಬರೀರಿ” ಎಂದರು ಮೇಲ್ವಿಚಾರಕರು, ತುಸು ಲಗುಬಗೆಯಿಂದ.

ಹೊಲಿಗೆಯಕ್ಕ ತನ್ನೆರಡೂ ಕೈ ಚಾಚಿದಳು: ಸೂಜಿಯ ಗೀರುಗಳು. ಜವಾನ ಚಾಚಿದ: ತುಕ್ಕಿನ ಕಲೆ. ಹೆಂಡತಿ ಗಂಡನ ಕೈಯನ್ನೂ ತಿರುಗಿಸಿ ನೋಡಿದಳು: ಸೀಮೆಸುಣ್ಣ. ಆಮೇಲೆ ಪರದೆಯ ಮೇಲಿನ ಚಿತ್ರವನ್ನು ಇನ್ನಷ್ಟು ಹಿಗ್ಗಿಸಿದಳು. ತೋರುಬೆರಳ ತುದಿಯಲ್ಲಿ ಒಂದು ಹಸಿರು ಚುಕ್ಕೆ.

ಎಲ್ಲರೂ ತಂತಮ್ಮ ಬೆರಳ ತುದಿ ನೋಡಿಕೊಂಡರು. ಕೈ ಕಟ್ಟಿಕೊಂಡಿದ್ದ ಒಬ್ಬರು ಮಾತ್ರ ಬೆರಳುಗಳನ್ನು ಕಂಕುಳಿಗೆ ಇನ್ನಷ್ಟು ಒಳಕ್ಕೆ ಸೇರಿಸಿಕೊಂಡರು. ಅಂಗಿಯ ಗುಂಡಿಯೊಂದು ಟಪ್ಪನೆ ಹಾರಿ ತಕ್ಕಡಿಯ ಮೇಲೆ ಬಿತ್ತು.

ಆಗಲೇ ಬಾಗಿಲಲ್ಲಿ ಮೇಲ್ವಿಚಾರಕರ ಮನೆಯವರ ದನಿ ಕೇಳಿಸಿತು: “ರೀ, ತಕ್ಕಡಿ ಹತ್ತಿ ನೋಡೋಣ. ಹತ್ತು ಕಿಲೋ ಇಳಿದಿದ್ರೆ ತಾನೇ ಹೊಸ ಗಡಿಯಾರ?”

ಗುಮಾಸ್ತ ಜೇಬಿನಿಂದ ಪತ್ರ ತೆಗೆದ. ಯಾರಿಗೆ ಸಲ್ಲಿಸಬೇಕೆಂಬುದನ್ನು ಮತ್ತೊಮ್ಮೆ ಓದಿದ. ಲೆನ್ಸು ಹೋಗಿತ್ತು, ಕೆಲಸವೂ ಬಹುಶಃ ಹೋದಂತೆಯೇ. ಅವನು ಖಾಲಿ ಜಾಗವನ್ನು ತುಂಬಿದ.

ಅಪರಾಧಿ: ಮೇಲ್ವಿಚಾರಕರು.