ನರ ಉಬ್ಬದ ಜೋಗುಳ

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಮೂವತ್ತು ವರ್ಷ ಭೂತನಾಳದ ಶಾಲೆಯ ಮಕ್ಕಳಿಗೆ ಪಾಠ ಮಾಡಿದವಳು ನಾನು. ಮಕ್ಕಳು ನಂಬಿದರು, ನಾನು ನಂಬಲಿಲ್ಲ. ಹಾಗೆಂದು ಕಂಡಕಂಡದ್ದಕ್ಕೆಲ್ಲ ಉರಿದುಕೊಳ್ಳುವವಳಲ್ಲ. ಬೇರೆಯವರ ಸೀರೆ, ಬಂಗಾರ, ಸೊಸೆ ಯಾವುದನ್ನು ಕಂಡರೂ ನನಗೇನೂ ಆಗುವುದಿಲ್ಲ, ಸಿದ್ಧೇಶ್ವರನ ಆಣೆ. ಆದರೆ ತಿಕೋಟಾದ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಗೌರವ್ವ, ಹಾಡಲು ಬಾಯಿ ತೆರೆದಳೋ, ನನ್ನ ಹೊಟ್ಟೆಯಲ್ಲಿ ಒಲೆ ಹತ್ತುತ್ತದೆ.

ನಮ್ಮ ಮನೆತನದಲ್ಲಿ ತೊಟ್ಟಿಲ ಕಾರ್ಯಕ್ಕೆ ಜೋಗುಳ ಎತ್ತುವವಳು ಹಿರೇಸೊಸೆ, ಉಳಿದವರು ಅವಳ ಹಿಂದೆ ಹಾಡಬೇಕು. ಹಿರೇಸೊಸೆ ನಾನೇ. ಮೊದಲೆರಡು ಸಾಲು ಸುಖವಾಗಿ ಹೋಗುತ್ತವೆ. ಮೂರನೆಯದು ಮೇಲಕ್ಕೇರುತ್ತದೆ ನೋಡಿ, ಅಲ್ಲಿ ನಾನು ಹೆಗಲು ಎತ್ತುತ್ತೇನೆ, ಹುಬ್ಬು ಎತ್ತುತ್ತೇನೆ, ಕುತ್ತಿಗೆಯ ನರಗಳು ಬೆರಳಿನಷ್ಟು ದಪ್ಪ ಉಬ್ಬುತ್ತವೆ. ದನಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಮೇಲೆ ಹೋಗುತ್ತದೆ. ಅಷ್ಟರಲ್ಲಿ ಮೂಲೆಯಲ್ಲಿ ವೀಳ್ಯದೆಲೆ ಮಡಚುತ್ತ ಕೂತ ಗೌರವ್ವ, ತಲೆ ಕೂಡ ಎತ್ತದೆ, ಆ ಸಾಲನ್ನು ಹಾಡಿ ಮುಗಿಸಿರುತ್ತಾಳೆ. ಎಲ್ಲರೂ ಅವಳ ಕಡೆ ತಿರುಗುತ್ತಾರೆ, ತೊಟ್ಟಿಲೊಳಗಿನ ಕೂಸೂ. ಎಂಬತ್ತು ದಾಟಿದ ನಮ್ಮ ಅತ್ತೆ ಹೋದ ವರ್ಷ, ಇನ್ನೊಂದು ಸಲ ಹೀಗಾದರೆ ಗೌರವ್ವನೇ ಎತ್ತಲಿ ಎಂದುಬಿಟ್ಟರು. ಆ ಇನ್ನೊಂದು ಸಲ ಬಂದದ್ದು ನನ್ನ ಸ್ವಂತ ಮಗಳ ಕೂಸಿಗೆ. ನನ್ನ ಮೊಮ್ಮಗಳ ಜೋಗುಳವನ್ನು ಅವಳು ಎತ್ತುವುದೇ?

ಬಾಣಂತಿ ಮಗಳು ಫೋನಿನಲ್ಲಿ ಒಬ್ಬ ಗುರುವನ್ನು ಹುಡುಕಿಕೊಟ್ಟಳು. ಅವರು ಕಲಿಸುವುದು ‘ಮಿಕ್ಸ್ ವಾಯ್ಸ್’. ಕೆಳಗಿನ ಸ್ವರಕ್ಕೆ ಎದೆಯ ದನಿ, ಮೇಲಿನದಕ್ಕೆ ತಲೆಯ ದನಿ. ನನ್ನಂಥವರು ಎದೆಯ ದನಿಯನ್ನೇ ಮೇಲಿನತನಕ ಎಳೆದೊಯ್ಯುತ್ತಾರಂತೆ, ಅದಕ್ಕೇ ಅದು ಒಡೆಯುತ್ತದಂತೆ. ಸ್ನಾನದ ನೀರು ಹದ ಮಾಡಿದ ಹಾಗೆ ಎರಡನ್ನೂ ಬೆರೆಸುತ್ತ ಏರಬೇಕು, ಜೋರು ಮಾತ್ರ ಮಾಡಬಾರದು. ಈ ಕೊನೆಯ ಮಾತು ನನಗೆ ಒಗ್ಗಲಿಲ್ಲ. ನಾನು ಕಲಿಸಿದ ಮಗ್ಗಿ ಭೂತನಾಳ ಕೆರೆಯ ಆಚೆ ದಂಡೆಯ ಎಮ್ಮೆಗಳಿಗೂ ಬಾಯಿಪಾಠ. ಆದರೂ ಹಟ ಹಿಡಿದು, ತುಟಿ ಬುರ್ರೆನ್ನಿಸುತ್ತ ಸ್ವರ ಏರಿಸುವುದನ್ನು ಅಡುಗೆಮನೆಯಲ್ಲಿ ಕದ್ದು ಅಭ್ಯಾಸ ಮಾಡಿದೆ. ನಮ್ಮ ಮನೆಯವರು ಎರಡು ದಿನ, ಯಾರ ಸ್ಕೂಟರ್ ಬಂತು ಎಂದು ಹೊರಗೆ ಹೋಗಿ ನೋಡಿ ಬಂದರು.

ಹದಿನೈದು ದಿನವಾದರೂ ದನಿ ಬೆರೆಯಲಿಲ್ಲ. ಅಷ್ಟರಲ್ಲಿ ಕಾರ್ಯಕ್ಕೆ ಕರೆಯಲು ಕುಂಕುಮ ತೆಗೆದುಕೊಂಡು ತಿಕೋಟಾಕ್ಕೆ ಹೋಗಬೇಕಾಯಿತು. ಗೌರವ್ವ ದ್ರಾಕ್ಷಿ ತೋಟದಲ್ಲಿ ಹಕ್ಕಿ ಕಾಯುತ್ತಿದ್ದಳು. ‘ಹೂ…ಓ…’ ಎಂದು ಕೆಳಗಿನಿಂದ ಶುರುಮಾಡಿದ ಕೂಗು ಎಲ್ಲೂ ಗಂಟಿಲ್ಲದೆ ಮೇಲೇರಿತು. ಆ ತುದಿಯ ಹಕ್ಕಿಗಳೂ ಎದ್ದವು. ಅವಳ ಕುತ್ತಿಗೆಯಲ್ಲಿ ಒಂದು ನರವೂ ಅಲುಗಲಿಲ್ಲ. ಫೋನಿನ ಗುರು ಬಡಕೊಂಡದ್ದೆಲ್ಲ ನನ್ನ ಕಣ್ಣೆದುರೇ ನಡೆಯುತ್ತಿತ್ತು. ಎಂಥ ಉರಿ ಹತ್ತಿತು ನನಗೆ! ಹಾಗೇ ಸುಮ್ಮನೆ ಕೇಳುವವಳಂತೆ, ದಿನವಿಡೀ ಕೂಗಿದರೆ ಗಂಟಲು ನೋಯುವುದಿಲ್ಲವೇ ಎಂದು ಕೇಳಿದೆ.

“ಎದಿ ಒತ್ತಿ ಕೂಗಿದ್ರ ಮಧ್ಯಾಹ್ನಕ್ಕ ದನಿ ಬೀಳತೈತ್ರಿ ಅಕ್ಕಾರ. ಸಂಜಿತನಕಾ ಕಾಯಬೇಕಲ್ರಿ, ಅದಕ್ಕ ಮ್ಯಾಲ ಹೋಗೂಮುಂದ ಸಣ್ಣ ಮಾಡಿ ಬಿಡತೇನಿ,” ಎಂದಳು. ನನ್ನನ್ನೂ ಕೂಗಲು ಹೇಳಿದಳು.

ನಾನು ಕೂಗಿದೆ. ಹಕ್ಕಿಗಳು ಕದಲಲಿಲ್ಲ. ಪಕ್ಕದ ತೋಟದಿಂದ ಇಬ್ಬರು, ಹಾವು ಕಡಿಯಿತೇನೋ ಎಂದು ಓಡಿ ಬಂದರು. ಗೌರವ್ವ ನಗಲಿಲ್ಲ, ಅದಕ್ಕೂ ನನಗೆ ಸಿಟ್ಟು ಬಂತು. ಎರಡು ದಿನ ಅಲ್ಲೇ ಉಳಿದು, ಅವಳ ಜೊತೆ ಹಕ್ಕಿ ಕಾಯ್ದೆ. ಎರಡನೆಯ ದಿನದ ಸಂಜೆ ನನ್ನ ಕೂಗಿಗೂ ನಾಲ್ಕು ಹಕ್ಕಿ ಎದ್ದವು.

ಕಾರ್ಯದ ದಿನ ಜೋಗುಳ ಎತ್ತಿದೆ. ಮೂರನೆಯ ಸಾಲು ಬಂತು. ಸಣ್ಣ ಮಾಡಿ ಬಿಟ್ಟೆ. ದೇವರೇ, ದನಿ ತಾನಾಗಿ ಮೇಲೆ ಹೋಗಿ ನಿಂತಿತು! ಹೆಗಲು ಏರಲಿಲ್ಲ, ನರ ಉಬ್ಬಲಿಲ್ಲ. ಕಣ್ಣು ಮುಚ್ಚಿಕೊಂಡು ಎಲ್ಲರ ಮೆಚ್ಚುಗೆಗೆ ಕಾದೆ. ಕೇಳಿಸಿದ್ದು ಅತ್ತೆಯ ಮಾತು.

“ಪಾಪ, ಇಕಿಗೆ ಇವತ್ತ ಮೈಯಾಗ ಹುಷಾರಿಲ್ಲ ಕಾಣತೈತಿ. ನರಾನ ಉಬ್ಬವಲ್ವು. ಗೌರವ್ವಾ, ನೀ ಎತ್ತ ಬೇ.”

ಹೆಂಗಸರೆಲ್ಲ ಹೌದು ಹೌದು ಎಂದರು. ಇಷ್ಟು ವರ್ಷ ಅವರು ನನ್ನ ಹಾಡು ಕೇಳಿರಲೇ ಇಲ್ಲ, ಕುತ್ತಿಗೆ ನೋಡುತ್ತಿದ್ದರು. ಆಗ ಗೌರವ್ವ ಮಡಚುತ್ತಿದ್ದ ಎಲೆಯನ್ನು ಕೆಳಗಿಟ್ಟಳು.

“ಅತ್ತೀ, ಅಕ್ಕಾರು ಇವತ್ತ ಖರೇ ಹಾಡಾಕತ್ತಾರ. ನಾ ಎತ್ತಂಗಿಲ್ಲ. ಸುಮ್ಮ ಕೇಳ್ರಿ.”

ಕೇಳಿದರು. ಕೂಸೂ ನನ್ನ ಕಡೆಯೇ ತಿರುಗಿ ನಿದ್ದೆಹೋಯಿತು. ಹಾಡು ಮುಗಿಸಿದೆ, ಗೌರವ್ವನ ದನಿಯ ಮೇಲಿದ್ದ ಹೊಟ್ಟೆಕಿಚ್ಚೂ ಅಲ್ಲಿಗೆ ಮುಗಿಯಿತು. ಆದರೆ ಅವಳ ಜಾಗದಲ್ಲಿ ನಾನಿದ್ದಿದ್ದರೆ, ಅತ್ತೆ ಹೇಳಿ ಮುಗಿಸುವ ಮೊದಲೇ ಜೋಗುಳ ಎತ್ತಿಬಿಡುತ್ತಿದ್ದೆ. ಅದು ನೆನಪಾದಾಗಲೆಲ್ಲ ಒಲೆ ಮತ್ತೆ ಹತ್ತುತ್ತದೆ, ಈಗ ಅವಳ ಗುಣದ ಮೇಲೆ. ಅದನ್ನು ಕಲಿಸುವ ಗುರು ಫೋನಿನಲ್ಲಿ ಇನ್ನೂ ಸಿಕ್ಕಿಲ್ಲ, ಮತ್ತೆ ತಿಕೋಟಾಕ್ಕೆ ಹೋಗಿ ಅವಳನ್ನೇ ಕೇಳಲು ನನಗೆ ಮನಸ್ಸಿಲ್ಲ.