ಪ್ರಾಣೇಶರಾಯರ ಬಲಗೈಗೆ ತರಬೇತಿ

ತಪ್ಪು ಪ್ರಾಣೇಶರಾಯರದಲ್ಲ, ಅವರ ಬಲಗೈಯದು.

ಆ ಕೈ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಆಯುಷ್ಯ ಕಳೆದಿತ್ತು. ಮುಂಬೈ ಕಡೆಯಿಂದ ಹೈದರಾಬಾದ್ ಸಂಸ್ಥಾನದೊಳಕ್ಕೆ ಬರುವ ಪ್ರತಿಯೊಂದು ಪೆಟ್ಟಿಗೆ, ಹಾಸಿಗೆಯ ಸುರುಳಿ, ಬಟ್ಟೆಯ ಗಂಟು ಅದರಡಿಯಲ್ಲೇ ಹಾದುಹೋಗಬೇಕಿತ್ತು. ರಾಯರು ಕರೋಡಗಿರಿಯವರು, ಅಂದರೆ ಸುಂಕದ ಇಲಾಖೆಯವರು. ಗಂಟು ಬಿಚ್ಚದೆ ಮೇಲಿಂದಲೇ ಒತ್ತಿ, "ಸೀರಿ ಒಂದು, ಧೋತ್ರ ಎರಡು, ನಡುವ ಗಡಿಯಾರ" ಎಂದುಬಿಡುತ್ತಿದ್ದರು. ನಾಡಿ ಹಿಡಿಯುವ ವೈದ್ಯನೂ ಒಮ್ಮೊಮ್ಮೆ ತಪ್ಪಿಯಾನು, ರಾಯರ ಬೆರಳು ತಪ್ಪುತ್ತಿರಲಿಲ್ಲ.

ಆಮೇಲೆ ದೇಶವೆಲ್ಲ ಒಂದಾಯಿತು, ಒಂದೇ ಮನೆಯ ಅಡಿಗೆಕೋಣೆಗೂ ಪಡಸಾಲೆಗೂ ನಡುವೆ ಸುಂಕವೇಕೆ ಎಂದು ಇಲಾಖೆಯನ್ನೇ ಮುಚ್ಚಿದರು. ಬಡವರ ಗಂಟಿಗೆ ಕೈಹಾಕುವುದು ತಪ್ಪೆಂದು ದೊರೆಗಳಿಗೆ ತಿಳಿಯಲು ತಲೆಮಾರುಗಳೇ ಬೇಕಾದವು. ಕೈಹಾಕಿದ ನೌಕರನನ್ನು ಬೀದಿಗೆ ಬಿಡಲು ಒಂದು ಮಧ್ಯಾಹ್ನ ಸಾಕಾಯಿತು.

ಆದರೂ ಸರಕಾರಕ್ಕೆ ಕರುಳಿಲ್ಲವೆನ್ನುವಂತಿಲ್ಲ. ಕೆಲಸ ಕಳಕೊಂಡವರಿಗೂ, ಕೆಲಸವೇ ಸಿಗದ ಬಿ.ಎ.ಗಳಿಗೂ ಶಹಾಬಾದಿನಲ್ಲಿ ತನ್ನದೇ ಖರ್ಚಿನಿಂದ ಆರು ತಿಂಗಳ ಉನ್ನತ ಶಿಕ್ಷಣ ಇಟ್ಟಿತು. ಹೆಸರು 'ಗ್ರಾಮ ಸಂಘಟಕ ತರಬೇತಿ'. ಹೈದರಾಬಾದಿನಿಂದ ಬಂದ ಪ್ರೊಫೆಸರರು ಕಲಿಸಿದ್ದೆಲ್ಲ ಹಿಂಡಿದರೆ ಉಳಿಯುತ್ತಿದ್ದುದು ಇಷ್ಟೇ: "ಹಳ್ಳಿಯವರನ್ನು ನಂಬಿ. ಕೈ ಮುಗಿಯಿರಿ, ಕೈ ಚಾಚಬೇಡಿ."

ಇವತ್ತು ಕೊನೆಯ ಪರೀಕ್ಷೆ. ರಾವೂರಿಗೆ ಹೋಗಿ, ಒಂದು ಮನೆಯವರನ್ನಾದರೂ ಹೊಗೆಯಿಲ್ಲದ ಒಲೆಗೆ ಒಪ್ಪಿಸಬೇಕು. ಪಾಸಾದರೆ ಚಿತ್ತಾಪುರದಲ್ಲಿ ನೌಕರಿ. ಫೇಲಾದರೆ ಸೇಡಂನಲ್ಲಿ ಹೆಂಡತಿಯ ತಮ್ಮ ಹನುಮಂತನ ಬೇಳೆ ಅಂಗಡಿ. "ಬರ್ರಿ ಭಾವಾ, ಕಲ್ಲು ಆರಿಸಲಿಕ್ಕೆ ಒಬ್ರು ಬೇಕೇ ಆಗ್ಯಾರ" ಎಂದು ಅವನು ಹೋದ ಸಲ ಎಲ್ಲರೆದುರು ಅಂದಿದ್ದ. ಆ ಮಾತು ರಾಯರ ಹಲ್ಲಿನಲ್ಲಿ ಇನ್ನೂ ಕಲ್ಲಾಗಿಯೇ ಕೂತಿತ್ತು.

"ಪರೀಕ್ಷಾ ಮುಗಿಯೋತನಕ ಬಲಗೈ ಕಿಸೇದಾಗ ಇಡ್ರಿ" ಎಂದರು ಹೆಂಡತಿ ಸುಮಿತ್ರಾಬಾಯಿ. "ಉಣ್ಣಲಿಕ್ಕಷ್ಟೇ ಹೊರಗ ತಗೀರಿ."

ರಾವೂರಿನ ಕಲ್ಲಿನ ಗಣಿಗೆ ಹೊರಟಿದ್ದ ಖಾಲಿ ಲಾರಿಯ ಹಿಂದೆ ರಾಯರು ಹತ್ತಿದರು. ಜೊತೆಗೆ ಸಹಪಾಠಿ ಗುಲಾಮ ದಸ್ತಗೀರ. ಇವನು ವಿಸರ್ಜನೆಯಾದ ಕುದುರೆ ಪಡೆಯ ಸವಾರ. ಕುದುರೆ ಹೋದರೂ ಮೀಸೆಯೂ ಗಂಟಲೂ ಉಳಿದಿದ್ದವು. ಒಲೆಯ ಹೊಗೆ ಹೋಗುವ ಉದ್ದನೆಯ ತಗಡಿನ ಕೊಳವೆಯನ್ನು ಬಂದೂಕಿನಂತೆ ಹೆಗಲಿಗೇರಿಸಿ ನಿಂತಿದ್ದ.

ಲಾರಿಯಲ್ಲಿ ಆಗಲೇ ರಾವೂರಿನ ಸೂಗಮ್ಮ ಕೂತಿದ್ದಳು, ಮಡಿಲಲ್ಲೊಂದು ಗಂಟು. ರಾಯರು ಕಣ್ಣು ಮುಚ್ಚಿದರು. ಲಾರಿ ಒಂದು ತಗ್ಗಿಗೆ ಇಳಿದು ಎದ್ದಿತು. ಅದರ ಜೊತೆಗೇ ಬಲಗೈಯೂ ಕಿಸೆಯಿಂದ ಎದ್ದು ಗಂಟಿನ ಮೇಲೆ ಕೂತುಬಿಟ್ಟಿತು.

"ಮುಂಬೈ ಸೀರಿ" ಎಂದಿತು ಬಾಯಿ, ತನ್ನಷ್ಟಕ್ಕೆ ತಾನೇ. "ಒಳಗ ಛತ್ರಿ."

ಸೂಗಮ್ಮ ಚೇಳು ಕಡಿದಂತೆ ಹಾರಿದಳು. "ಅಯ್ಯ ನನ್ನ ಶಿವನ! ನೀ ವಾಡಿ ಟೇಶನ್ನಿನ ಕರೋಡಗಿರಿ ರಾಯ ಅಲ್ಲೇನು?"

"ಇಲ್ಲವ್ವಾ, ಈಗ ಸುಂಕ ಇಲ್ಲ, ಇಲಾಖಾ ಮುಚ್ಚ್ಯಾರ!"

"ಸುಂಕ ಇಲ್ಲಂದ್ರ ಕೈ ಯಾಕ ಬಂತು?"

ರಾಯರು ಕೈಯನ್ನು ಮತ್ತೆ ಕಿಸೆಗೆ ತುರುಕಿದರು. ಗಣಿಯ ತಿರುವಿನಲ್ಲಿ ಲಾರಿ ನಿಧಾನವಾದದ್ದೇ ತಡ, ಸೂಗಮ್ಮ ಗಂಟು ತಲೆಗೇರಿಸಿ ಕೆಳಗೆ ಧುಮುಕಿ, ಹೊಲದ ಅಡ್ಡದಾರಿ ಹಿಡಿದು ಓಡಿದಳು.

ಇಬ್ಬರೂ ಗಣಿಯಲ್ಲಿ ಇಳಿದು ನಡೆದು ಊರು ಮುಟ್ಟುವ ಹೊತ್ತಿಗೆ ಸೂಗಮ್ಮನ ಸುದ್ದಿ ಮುಟ್ಟಿ, ರಾವೂರಿನ ಬಾಗಿಲುಗಳೆಲ್ಲ ಹಾಕಿದ್ದವು. ಕಟ್ಟೆಯ ಮೇಲೆ ಒಂದು ನಾಯಿ ಮಾತ್ರ ಇತ್ತು. ರಾಯರನ್ನು ನೋಡಿ ತನ್ನ ರೊಟ್ಟಿಯ ತುಣುಕಿನ ಮೇಲೆ ಕೂತಿತು.

ರಾಯರು ಎರಡೂ ಕೈ ಮುಗಿದು ಬಾಗಿಲಿಂದ ಬಾಗಿಲಿಗೆ ನಡೆದರು. "ಅವ್ವಾ, ಒಲಿ ನೋಡ್ಲಿಕ್ಕೆ ಬಂದೀನ್ರಿ, ಬರೇ ಒಲಿ!"

ಒಳಗಿಂದ ಮುದುಕಿ ಇಮಾಮ್ಬೀಯ ದನಿ ಬಂತು: "ಒಲೀಗೂ ಸುಂಕ ಬಂತೇನೋ? ಹೊಗೀನೂ ತೂಗ್ತೀರೇನು?"

"ಹೊಗಿ ತಗದು ಹಾಕ್ತೀವವ್ವಾ!"

"ಇಷ್ಟು ದಿನ ಸೀರಿ ತಗದ್ರಿ, ಈಗ ಹೊಗೀನೂ ಬಿಡಂಗಿಲ್ಲೇನ್ರೋ!"

ರಾಯರು ಕಟ್ಟೆಗೆ ಕುಸಿದರು. ಕಣ್ಮುಂದೆ ತೊಗರಿಬೇಳೆಯ ರಾಶಿ. ಪರೀಕ್ಷಕರ ಜೀಪು ಬರುವ ಹೊತ್ತಾಗಿತ್ತು.

"ಫಿಕರ್ ಮಾಡಬ್ಯಾಡ್ರಿ ರಾಯರೇ, ನಾ ಕರೀತೀನಿ" ಎಂದ ದಸ್ತಗೀರ. ಸ್ನೇಹಿತನಿಗೆ ಉಪಕಾರ ಮಾಡುವ ಮನಸ್ಸು ಅವನದು, ಪರೇಡಿನದು ದನಿ. ಕೊಳವೆಯನ್ನು ಹೆಗಲಿನಲ್ಲಿ ನೆಟ್ಟಗೆ ಮಾಡಿ, ಹಿಮ್ಮಡಿ ಬಡಿದು ಗರ್ಜಿಸಿದ: "ಎಲ್ಲಾರೂ ಹೊರಗ ಬರ್ರಿ! ಜಲ್ದಿ!"

ಊರು ಕಿಂಡಿಯಲ್ಲಿ ಇಣುಕಿತು. ಕರೋಡಗಿರಿ ರಾಯ, ಪಕ್ಕದಲ್ಲಿ ಮೀಸೆ, ಮೀಸೆಯ ಹೆಗಲ ಮೇಲೆ ತೋಪಿನ ನಳಿಗೆ. ಇನ್ನು ಬಚ್ಚಿಟ್ಟು ಫಲವಿಲ್ಲ ಎಂದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಬಾಗಿಲುಗಳು ತೆರೆದವು. ವರ್ಷಾನುಗಟ್ಟಲೆ ವಾಡಿ ಸ್ಟೇಶನ್ನಿನಲ್ಲಿ ರಾಯರ ಕಣ್ಣು ತಪ್ಪಿಸಿ ತಂದದ್ದೆಲ್ಲ ಹೊರಬಂತು. ಮುಂಬೈ ಸೀರೆ, ಬ್ಯಾಟರಿ ದೀಪ, ಅತ್ತರಿನ ಶೀಸೆ, ಕನ್ನಡಿ. ಗೊಲ್ಲಾಳಪ್ಪ ಗೌಡರ ಮನೆಯಿಂದ ಕಹಳೆಯ ಗ್ರಾಮಾಫೋನನ್ನು ಇಬ್ಬರು ಎಣ್ಣೆ ಹಚ್ಚಿದ ಕೂಸಿನಂತೆ ಜೋಪಾನವಾಗಿ ತಂದು ರಾಯರ ಪಾದದ ಬಳಿ ಇಟ್ಟರು.

"ಇದೆಲ್ಲಿಂದ ನುಸುಳಿತ್ತು ನನ್ನ ಕೈಯಾಗಿಂದ!" ಎಂದು ರಾಯರ ವೃತ್ತಿಗೌರವ ಒಳಗೇ ನರಳಿತು. ಬಲಗೈ ಚಡಪಡಿಸಿತು. ಎಡಗೈಯಿಂದ ಅದನ್ನು ಗಟ್ಟಿಯಾಗಿ ಹಿಡಿದು, ಎದೆಗೊತ್ತಿ ಕೈಮುಗಿದೇ ನಿಂತರು.

ಆಗಲೇ ಜೀಪು ಬಂತು.

ಪರೀಕ್ಷಕರು ಇಳಿದು ನೋಡುತ್ತಾರೆ: ಬೇರೆ ಊರುಗಳಲ್ಲಿ ನಾಲ್ಕು ಜನ ಸೇರಿಸಲಾಗದೆ ಅಭ್ಯರ್ಥಿಗಳು ಅಳುತ್ತಿದ್ದರೆ, ಇಲ್ಲಿ ಇಡೀ ಊರು ಸಾಲಾಗಿ ಕೂತಿದೆ, ಮುಂದೆ ಸಾಮಾನಿನ ಸಂತೆ, ನಡುವೆ ಕೈಮುಗಿದ ವಿನಯಮೂರ್ತಿ.

"ಗ್ರಾಮೋದ್ಯೋಗ ಪ್ರದರ್ಶನ!" ಎಂದು ಪರೀಕ್ಷಕರ ಕಣ್ಣು ತುಂಬಿತು. ಸೂಗಮ್ಮನ ಛತ್ರಿಯನ್ನು ಎತ್ತಿ ಬಿಚ್ಚಿ ನೋಡಿದರು. "ಏನು ಕೌಶಲ! ಇದನ್ನು ನೀವೇ ಮಾಡುತ್ತೀರಾ ತಾಯಿ?"

ಸೂಗಮ್ಮ ರಾಯರ ಮುಖ ನೋಡಿದಳು. ಬೆವರಿದ ಮುಖ, ಬೇಡುವ ಕಣ್ಣು. ಇವನ ಜುಟ್ಟು ಈಗ ನಮ್ಮ ಕೈಯಲ್ಲಿದೆ ಎಂದು ಅವಳಿಗೆ ತಿಳಿಯಿತು.

"ಹೌದ್ರಿ, ಮಳಿ ಬಂದಾಗೆಲ್ಲ ಒಂದೊಂದು ಮಾಡ್ತೀವ್ರಿ."

"ಭೇಷ್! ಮತ್ತೆ ಹೊಗೆಯಿಲ್ಲದ ಒಲೆ?"

ಸೂಗಮ್ಮ ರಾಯರ ಕಿವಿಯ ಬಳಿ ಬಗ್ಗಿದಳು. "ಒಲಿ ಹಾಕಿಸ್ಕೋತೀನಿ. ಆದ್ರ ಇವತ್ತಿನಿಂದ ನಿನ್ನ ಕೈ ನಮ್ಮೂರ ಗಂಟಿಗೆ ಬರಬಾರ್ದು, ನೋಡು."

"ನನ್ನ ಆಣೆ ಅದ ತಾಯಿ."

"ಬೇಕ್ರಿ ಸಾಹೇಬ್ರ, ಒಲಿ ಬೇಕೇ ಬೇಕ್ರಿ!" ಎಂದು ಅವಳು ಕೂಗಿದಳು. ಹಿಂದೆಯೇ ಇಮಾಮ್ಬೀ "ನಂಗೂ ಒಂದು!" ಎಂದಳು. ಕ್ಷಣದಲ್ಲಿ ಊರೆಲ್ಲ ನಗುತ್ತ ಒಪ್ಪಿತು, ಅವರವರ ಸಾಮಾನು ಅವರವರು ಎತ್ತಿಕೊಂಡು ಹೋದರು. ಗ್ರಾಮಾಫೋನು ಮಾತ್ರ ಅಲ್ಲೇ ಉಳಿದು ಹಾಡಿತು.

"ಮೊದಲ ದರ್ಜೆ!" ಎಂದರು ಪರೀಕ್ಷಕರು. "ಜನ ತಾವಾಗಿಯೇ ಮನೆಯ ಸಾಮಾನು ತಂದು ಮುಂದಿಡುವಂಥ ಮನುಷ್ಯ! ನಿಮ್ಮನ್ನು ಚಿತ್ತಾಪುರದ ಒಲೆಗಳ ಹಿಂದೆ ಹಾಕುವುದು ಅನ್ಯಾಯ. ಆ ಜಾಗ ಈ ಮೀಸೆಯವರಿಗಿರಲಿ."

ದಸ್ತಗೀರ ಹಿಮ್ಮಡಿ ಬಡಿದ.

"ವಾಡಿ ಸ್ಟೇಶನ್ನಿನಲ್ಲಿ ಹೊಸದಾಗಿ ಮಾರಾಟ ತೆರಿಗೆಯ ನಾಕಾ ತೆರೆಯುತ್ತಿದ್ದೇವೆ. ಬಂದ ಸಾಮಾನನ್ನೆಲ್ಲ ತಪಾಸಣೆ ಮಾಡುವ ಕೆಲಸ. ಅದು ನಿಮಗೇ."

ರಾಯರಿಗೆ ಸ್ವರ್ಗ ಕಂಡಿತು. ಅದೇ ಪ್ಲಾಟ್‌ಫಾರ್ಮು, ಅದೇ ಬೆಂಚು!

"ಆದರೆ," ಎಂದರು ಪರೀಕ್ಷಕರು, "ನೀವು ಜನರನ್ನು ನಂಬಲು ಕಲಿತವರು. ಅಲ್ಲಿ ಅದು ನಡೆಯದು. ಗಂಟು ತಡವಿ ಒಳಗೇನಿದೆ ಎಂದು ತಿಳಿಯುವ ವಿದ್ಯೆ ಬೇಕು. ಶಹಾಬಾದಿನಲ್ಲಿ ನಾಳೆಯಿಂದಲೇ ಆರು ತಿಂಗಳ ಕೋರ್ಸು. ಪ್ರೊಫೆಸರರು ಅವರೇ."

"ಸಾಹೇಬ್ರ! ಅದು ನನಗ ಬರ್ತದ್ರಿ! ಹುಟ್ಟಾ ಬರ್ತದ್ರಿ!"

"ಸರ್ಟಿಫಿಕೇಟು?"

"ಕೈಯೇ ಸರ್ಟಿಫಿಕೇಟು! ನಿಮ್ಮ ಚೀಲ ಈ ಕಡೆ ಮಾಡ್ರಿ, ಬಿಚ್ಚದೇ ಹೇಳ್ತೀನಿ."

ಪರೀಕ್ಷಕರು ನಗುತ್ತ ಚೀಲ ಮುಂದೆ ಹಿಡಿದರು. ಊರೇ ನೋಡುತ್ತಿತ್ತು. ಸೂಗಮ್ಮ ಹುಬ್ಬೇರಿಸಿದಳು. ರಾಯರು ಬಲಗೈ ಎತ್ತಿದರು. ಅರ್ಧ ಆಯುಷ್ಯ ತಪ್ಪದ ಕೈ, ಚೀಲದ ಹತ್ತಿರ ಹೋಯಿತು, ಗಾಳಿಯಲ್ಲಿ ನಿಂತಿತು, ಹಿಂದೆ ಸರಿಯಿತು, ಮೆಲ್ಲಗೆ ಬಂದು ಎಡಗೈಯನ್ನು ಕೂಡಿಕೊಂಡು ಎದೆಯ ಮೇಲೆ ನಮಸ್ಕಾರವಾಗಿ ಕೂತಿತು.

"ನೋಡಿದಿರಾ?" ಎಂದರು ಪರೀಕ್ಷಕರು, ಕರುಣೆಯಿಂದ. "ಕೋರ್ಸು ಬೇಕೇ ಬೇಕು."

ಸಂಜೆ ಮನೆಯಲ್ಲಿ ಸುಮಿತ್ರಾಬಾಯಿ ಎಲ್ಲ ಕೇಳಿ, "ಹಂಗಾದ್ರ ನಾಳೆನೂ ಬುತ್ತಿ ಕಟ್ಟಬೇಕೇನು?" ಎಂದರು.

"ಕಟ್ಟು" ಎಂದರು ರಾಯರು. "ಆದ್ರ ಕೈ ಕಿಸೇದಾಗ ಇಡ್ರಿ ಅಂತ ಮಾತ್ರ ಅನಬ್ಯಾಡ. ಈ ಸಲ ಹೊರಗ ತಗಿಯೋದು ಕಲಿಸ್ತಾರಂತ."